ಯಾದವಣ್ಣನ ಬಿಚಾರ

ಹ್ಯಾಂಬರ್ಗ್ ಬಂದರಿನ ನಾವಿಕರ ಕ್ಲಬ್ಬಿನಲ್ಲಿ ಯಾದವ ಸಾಲಿಯಾನ್ ಅವರ ಕೆಲಸ, ಕಾಗದದ ಪ್ರಕಾರ, ವ್ಯಾನ್ ಓಡಿಸುವುದು. ಧಕ್ಕೆಗೆ ಬಂದು ನಿಂತ ಹಡಗುಗಳಿಂದ ನಾವಿಕರನ್ನು ಹತ್ತಿಸಿಕೊಂಡು ಕ್ಲಬ್ಬಿಗೆ ತರಬೇಕು. ಅವರು ಮನೆಗೆ ಫೋನು ಮಾಡಿ, ಮಕ್ಕಳಿಗೆ ಚಾಕಲೇಟು ಕೊಂಡು, ಒಂದಾಟ ಬಿಲಿಯರ್ಡ್ಸ್ ಆಡಿ ಮುಗಿಸಿದ ಮೇಲೆ ಮತ್ತೆ ಹಡಗಿಗೆ ಬಿಟ್ಟು ಬರಬೇಕು. ಆದರೆ ಈ ಕಾಗದದ ಮಾತನ್ನು ಯಾದವಣ್ಣನ ಎದುರು ಎತ್ತಬಾರದು. ತಾನು ಡ್ರೈವರ್ ಎಂದು ಅವರು ಒಪ್ಪಿಕೊಂಡಿದ್ದು ತೆರಿಗೆ ಕಚೇರಿಯಲ್ಲಿ ಮಾತ್ರ. ಉಳಿದ ಕಡೆಯೆಲ್ಲ ಕಿತ್ತಳೆ ಬಣ್ಣದ ಜಾಕೆಟ್ಟಿನ ಜಿಪ್ಪನ್ನು ಗಂಟಲತನಕ ಎಳೆದುಕೊಂಡು, "ಈ ಬಂದರಿನಲ್ಲಿ ಇಂಡೊನೇಷ್ಯಾದವರ ಬಾಯಿ ಅಂದ್ರೆ ನಾನು" ಎನ್ನುತ್ತಿದ್ದರು.

ಜಂಬವೇ ಅನ್ನಿ. ಆದರೆ ಜಂಬಕ್ಕೂ ಒಂದು ಬುಡ ಬೇಕಲ್ಲ, ಯಾದವಣ್ಣನ ಜಂಬಕ್ಕೆ ಬುಡ ಗಟ್ಟಿಯಾಗಿಯೇ ಇತ್ತು. ಮಲ್ಪೆಯ ಮೊಗವೀರರ ಮನೆಯ ಹುಡುಗ, ಹತ್ತನೇ ಕ್ಲಾಸು ಮುಗಿಸಿ ಸರಕು ಹಡಗು ಹತ್ತಿದವರು. ಆ ಹಡಗಿನ ಆಳುಗಳಲ್ಲಿ ಹೆಚ್ಚಿನವರು ಜಾವಾ, ಸುಲಾವೆಸಿ ಕಡೆಯವರು. ಪುಸ್ತಕ ಮುಟ್ಟದೆ, ಅಡುಗೆಕೋಣೆಯಲ್ಲಿ ಈರುಳ್ಳಿ ಹೆಚ್ಚುತ್ತಲೇ ಯಾದವಣ್ಣ ಅವರ ಭಾಷೆ ಕಲಿತರು. ಮೊದಲು ಕಲಿತದ್ದು ತಿನ್ನುವ ಪದಾರ್ಥಗಳ ಹೆಸರು, ಆಮೇಲೆ ಬೈಗುಳ, ಕೊನೆಗೆ ಮಾತು. ಈಗ ಅರವತ್ತಕ್ಕೆ ಹತ್ತಿರ. ಬಲಗಾಲು ಸ್ವಲ್ಪ ಕುಂಟು. ಹ್ಯಾಂಬರ್ಗಿಗೆ ಬಂದು ನಲವತ್ತು ವರ್ಷವಾಗುತ್ತ ಬಂತು. ಬಂದರಿನ ಡಾಕ್ಟರು, ಪೊಲೀಸರು, ಏಜೆಂಟರು ಎಲ್ಲರ ಫೋನಿನಲ್ಲೂ ಯಾದವಣ್ಣನ ನಂಬರು ಇದೆ.

ಕ್ಲಬ್ಬಿಗೆ ಹೊಸದಾಗಿ ಸೇರುವ ಜರ್ಮನ್ ಹುಡುಗ ಹುಡುಗಿಯರಿಗೆ ಅವರು ಮೊದಲು ಕಲಿಸುವುದು ಒಂದೇ ಕ್ರಿಯಾಪದ. ಬಿಚಾರ.

"ಇಂಡೊನೇಷ್ಯಾದವರಲ್ಲಿ ಹೇಳುವುದಕ್ಕೆ ಬಿಲಾಂಗ್ ಅಂತ ಒಂದು ಮಾತು ಉಂಟು" ಎಂದು ಶುರು ಮಾಡುತ್ತಾರೆ. "ಊಟ ರೆಡಿ ಅಂತ ಬಿಲಾಂಗ್ ಮಾಡು, ಮಳೆ ಬರ್ತದೆ ಅಂತ ಬಿಲಾಂಗ್ ಮಾಡು. ಹೇಳಿದ, ಮುಗೀತು. ಬಿಚಾರ ಹಾಗಲ್ಲ. ಅದು ಮಾತಾಡುವುದು. ಅದಕ್ಕೆ ಇಬ್ಬರು ಬೇಕು, ಕೂತ್ಕೊಳ್ಳಬೇಕು, ಟೈಮ್ ಬೇಕು. ಫೋನಿನಲ್ಲಿ ಬಿಚಾರ, ಮದುವೆ ಮಾತುಕತೆಗೆ ಬಿಚಾರ, ದೊಡ್ಡವರ ಎದುರು ಧೈರ್ಯ ಮಾಡಿ ಬಾಯಿ ತೆರೆದರೆ ಅದಕ್ಕೆ ಆಂಕಾತ್ ಬಿಚಾರ. ಮಾತನ್ನು ಎತ್ತುವುದು. ನಮ್ಮಲ್ಲಿಯೂ ಮಾತು ಎತ್ತುವುದು ಅಂತಲೇ ಹೇಳುವುದಲ್ವ?"

ನಮ್ಮಲ್ಲಿ ಎಂದರೆ ಯಾವ ಊರಿನಲ್ಲಿ ಎಂದು ಆ ಜರ್ಮನ್ ಮಕ್ಕಳಿಗೆ ತಿಳಿಯುವುದಿಲ್ಲ. ಯಾದವಣ್ಣನಿಗೆ ಅದರ ಪರಿವೆಯೂ ಇಲ್ಲ. ನಮ್ಮ ವಿಚಾರವೇ ಯಾವುದೋ ಕಾಲದಲ್ಲಿ ಹಡಗು ಹತ್ತಿ ಹೋಗಿ ಆ ದ್ವೀಪಗಳಲ್ಲಿ ಬಿಚಾರ ಎಂದು ಬೇರುಬಿಟ್ಟಿದೆ ಎಂಬುದು ಅವರ ವಾದ. ಬಲ್ಲವರೂ ಹೌದೆನ್ನುತ್ತಾರೆ. ಹೋದದ್ದು ಮಲ್ಪೆಯ ದೋಣಿಯಲ್ಲೇ ಎಂದು ಯಾದವಣ್ಣ ಸೇರಿಸುವುದುಂಟು. ಅದನ್ನು ನಂಬಲೇಬೇಕಾಗಿಲ್ಲ.

ಈ ಮಾತನ್ನು ಅವರಿಗೆ ಕಲಿಸಿದವನು ದಾರ್ಮೊ, ಮೊದಲ ಹಡಗಿನಲ್ಲಿ ಡೆಕ್ಕಿನ ಆಳುಗಳ ಮುಖ್ಯಸ್ಥ. ಎಲ್ಲರೂ ಅವನನ್ನು ಪಾಕ್ ಎನ್ನುತ್ತಿದ್ದರು. ಪಾಕ್ ಎಂದರೆ ಅಪ್ಪ ಎಂದೂ ಹೌದು, ರಾಯರೇ ಎಂದೂ ಹೌದು. ಯಾದವಣ್ಣನಿಗೆ ಆಗ ಇಪ್ಪತ್ತರ ಆಚೀಚೆ. ಒಂದು ದಿನ ಹಡಗು ಕಟ್ಟುವ ಹಗ್ಗ ಸಿಡಿದು ಮೊಣಕಾಲಿಗೆ ಬಡಿಯಿತು. ದಾರಿಯಲ್ಲಿ ಸಿಕ್ಕ ಬಂದರಿನ ಡಾಕ್ಟರು ನೋವು ಉಂಟೋ ಎಂದು ಕೇಳಿದಾಗ ಹುಡುಗ ಇಲ್ಲ ಎಂದ. ಎರಡು ಬಂದರು ದಾಟುವಷ್ಟರಲ್ಲಿ ಕಾಲು ಕುಂಬಳಕಾಯಿಯಾಗಿತ್ತು. ಆಗ ಪಾಕ್ ದಾರ್ಮೊ ಒಂದು ತಟ್ಟೆ ಅನ್ನ, ಮೇಲೊಂದು ಹುರಿದ ಮೊಟ್ಟೆ ಇಟ್ಟುಕೊಂಡು ಅವನ ಕೋಣೆಗೆ ಬಂದ.

"ಸುದಾ ಮಾಕಾನ್?" ಎಂದು ಕೇಳಿದ. ಊಟ ಆಯಿತೇ ಎಂದು.

"ಸುದಾ" ಎಂದ ಹುಡುಗ. ಆಯಿತು.

ದಾರ್ಮೊ ಮತ್ತೆ ಕೇಳಿದ. ಹುಡುಗ ಮತ್ತೆ ಆಯಿತು ಎಂದ. ದಾರ್ಮೊ ಮೂರನೆಯ ಸಲ ಏನೂ ಕೇಳದೆ ತಟ್ಟೆಯನ್ನು ಅವನ ಕೈಗಿಟ್ಟು, ಪಕ್ಕದಲ್ಲಿ ಕೂತು, "ಮಾರಿ ಕಿತಾ ಬಿಚಾರ" ಎಂದ. ಬಾ, ಮಾತಾಡೋಣ. ಮಲ್ಪೆಯ ಹುಡುಗ ಗೊಳೋ ಎಂದು ಅತ್ತುಬಿಟ್ಟ. ಅಳು ಬಂದದ್ದು ಕಾಲಿನ ನೋವಿಗಲ್ಲ, ಆ ಕೇಳುವ ಕ್ರಮಕ್ಕೆ. ಅವನ ಅಮ್ಮ ಕೇಳುತ್ತಿದ್ದದ್ದೂ ಹಾಗೆಯೇ.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ಬಂದವರನ್ನು ಊಟ ಆಯಿತೇ ಎಂದು ಕೇಳಿದರೆ, ಹೊಟ್ಟೆ ಬೆನ್ನಿಗೆ ಹತ್ತಿದ್ದರೂ ಬಂದವರು ಆಯಿತು ಎನ್ನುತ್ತಾರೆ. ಅದು ಸುಳ್ಳಲ್ಲ, ಮರ್ಯಾದೆ. ಎರಡನೆಯ ಸಲ ಕೇಳಿದರೆ ಈಗಷ್ಟೇ ಮುಗಿಸಿ ಬಂದೆವು ಎನ್ನುತ್ತಾರೆ. ಮೂರನೆಯದಕ್ಕೆ ಬಾಯಿ ಬೇಡ, ಎಲೆ ಹಾಕಿದರಾಯಿತು. ಹೀಗೆ ಮಾಡಿದವರನ್ನೇ ಊರಿನಲ್ಲಿ "ಲಾಯ್ಕಲ್ಲಿ ವಿಚಾರಿಸಿಕೊಂಡ್ರು" ಎಂದು ಹೊಗಳುವುದು. ಒಂದೇ ಸಲ ಕೇಳಿ ಸುಮ್ಮನಾದವರ ಮನೆಯ ಸುದ್ದಿ ಮೂರು ತಲೆಮಾರು ಓಡಾಡುತ್ತದೆ.

ದಾರ್ಮೊ ಅವತ್ತು ಹುಡುಗನನ್ನು ಕ್ಯಾಪ್ಟನ್ ಬಳಿ ಕರೆದುಕೊಂಡು ಹೋದ. ಆದರೆ ಅವನ ಪರವಾಗಿ ತಾನು ಹೇಳಲಿಲ್ಲ. "ಬಿಲಾಂಗ್ ಅಂದರೆ ಹಗ್ಗ ಎಸೆಯುವುದು. ಆಚೆಯವನು ಹಿಡಿದು ಗೂಟಕ್ಕೆ ಸುತ್ತಿದರೆ ಬಿಚಾರ. ಎಸೆಯುವವನು ನೀನೇ ಆಗಬೇಕು, ಹಿಡಿಯುವತನಕ ನಾನು ಪಕ್ಕದಲ್ಲಿ ಇರ್ತೇನೆ" ಎಂದ. ಹುಡುಗ ಹೇಳಿದ. ಹ್ಯಾಂಬರ್ಗಿನಲ್ಲಿ ಇಳಿಸಿದರು, ಆಪರೇಷನ್ ಆಯಿತು, ಕಾಲು ಉಳಿಯಿತು. ಕುಂಟುತ್ತ ಸಿಕ್ಕಿದ ಕೆಲಸ ಹಿಡಿದು, ಭಾಷೆ ಕಲಿತು, ಊರಿಗೆ ಹೋಗಿ ಬ್ರಹ್ಮಾವರದ ಗುಲಾಬಿಯನ್ನು ಮದುವೆಯಾಗಿ ಕರೆತಂದು, ಯಾದವಣ್ಣ ಇಲ್ಲಿಯವರೇ ಆದರು.

ಇಲ್ಲಿಯವರೇ ಆದರು ಎನ್ನುವಲ್ಲೇ ಒಂದು ತೊಡಕಿದೆ. ಅದು ಗೊತ್ತಾದದ್ದು ಹೋದ ಮಾರ್ಚ್ ತಿಂಗಳ ಒಂದು ಮಂಗಳವಾರ.

ಆ ದಿನ ಬೆಳಿಗ್ಗೆ ಒಂದು ಕಂಟೇನರ್ ಹಡಗಿನಿಂದ ಅಡುಗೆಯವನನ್ನು ಬಂದರಿನ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಕರೆದೊಯ್ಯಬೇಕೆಂದು ಫೋನು ಬಂತು. ಹೆಸರು ಸುಪ್ರಿಯಾದಿ, ಜಾವಾದವನು, ನಲವತ್ತೈದರ ಆಸುಪಾಸು. ಅಡುಗೆಕೋಣೆಯಲ್ಲಿ ಹೊಟ್ಟೆ ಹಿಡಿದುಕೊಂಡು ಬಗ್ಗಿ ನಿಂತದ್ದನ್ನು ಹಡಗಿನ ಅಧಿಕಾರಿಯೊಬ್ಬ ಕಂಡು ಕಳಿಸಿದ್ದ. ವ್ಯಾನಿನಲ್ಲಿ ಅವನು ನೆಟ್ಟಗೆ ಕೂತು, ಹೊರಗಿನ ಕ್ರೇನುಗಳನ್ನು ನೋಡುತ್ತ, ನಗುನಗುತ್ತಲೇ ಇದ್ದ. ಹಡಗು ಅದೇ ಸಂಜೆ ಹೊರಡುವುದಿತ್ತು. ಆಮೇಲೆ ಬ್ರೆಜಿಲ್ ಮುಟ್ಟುವವರೆಗೆ ಬರೀ ನೀರು.

ಡಾಕ್ಟರಮ್ಮ ಒಳ್ಳೆಯ ಹೆಂಗಸು. ಹೊರಗೆ ಬೆಂಚು ತುಂಬ ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. ಹೊಟ್ಟೆ ಒತ್ತಿ ನೋಡಿ, ನೋವು ಇದೆಯೇ ಎಂದು ಕೇಳಿದಳು. ಯಾದವಣ್ಣ ಇಂಡೊನೇಷ್ಯಾದ ಮಾತಿನಲ್ಲಿ ಕೇಳಿದರು. ಸುಪ್ರಿಯಾದಿ ನಕ್ಕು, "ತಿದಾಕ್ ಆಪಾ ಆಪಾ, ಪಾಕ್" ಎಂದ. ಏನೂ ಇಲ್ಲ, ರಾಯರೇ.

ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. "ಒತ್ತುವಾಗ ಹೊಟ್ಟೆ ಬಿಗಿ ಮಾಡ್ತಾನೆ. ಜ್ವರದ ಮಾತ್ರೆ ನುಂಗಿ ಬಂದಿದ್ದಾನೋ ಏನೋ. ಆಸ್ಪತ್ರೆಗೆ ಹೋಗಿ ಅಂದರೆ ಬೇಡ ಅಂತಾನೆ. ನಿಮಗೇನನಿಸ್ತದೆ ಹೆರ್ ಸಾಲಿಯಾನ್, ಇವನು ಹೇಳ್ತಿರೋದು ನಿಜವೇ?"

ಯಾದವಣ್ಣನಿಗೆ ಎದೆ ಉಬ್ಬಿತು. ಡಾಕ್ಟರೇ ತಮ್ಮ ಅಭಿಪ್ರಾಯ ಕೇಳುತ್ತಿದ್ದಾಳೆ. ಜಾಕೆಟ್ಟಿನ ಜಿಪ್ಪು ಸರಿಮಾಡಿಕೊಂಡು, "ಇವರನ್ನು ನಲವತ್ತು ವರ್ಷದಿಂದ ಬಲ್ಲೆ. ಇಲ್ಲ ಅಂದರೆ ಇಲ್ಲವೇ" ಎಂದರು.

ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ಸಂಜೆಯ ಒಳಗೆ ನೋವು ಬಂದರೆ ತಡಮಾಡದೆ ಕರೆಯಬೇಕು ಎಂದು ಹೇಳಿ ಕಳಿಸಿದಳು. ಯಾದವಣ್ಣ ಅಡುಗೆಯವನನ್ನು ಹಡಗಿನ ಏಣಿಯ ಬುಡದಲ್ಲಿ ಇಳಿಸಿ, ಕೈಬೀಸಿ, ಶಿಳ್ಳೆ ಹಾಕುತ್ತ ಮನೆಗೆ ಊಟಕ್ಕೆ ಬಂದರು.

ಮಗಳು ಸಿಂಚನಾ ಆಖೆನ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದವಳು, ರಜೆಗೆ ಬಂದಿದ್ದಳು. ಹ್ಯಾಂಬರ್ಗಿನಲ್ಲೇ ಹುಟ್ಟಿ ಬೆಳೆದ ಹುಡುಗಿ. ಅಪ್ಪ ಅಮ್ಮನ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಜರ್ಮನ್ನಿನಲ್ಲಿ. ಅವಳಿಗೂ ಅಪ್ಪನಿಗೂ ಒಂದು ಹಳೆಯ ತಕರಾರಿತ್ತು. ಅವಳು ಶಾಲೆಗೆ ಹೋಗುತ್ತಿದ್ದಾಗ, ಯಾದವಣ್ಣ ಮನೆಗೆ ಕರೆತಂದ ಒಬ್ಬ ನಾವಿಕ ಊಟ ಬೇಡ ಎಂದ. ಹುಡುಗಿ ಸರಿ ಎಂದು ತಟ್ಟೆ ಎತ್ತಿಕೊಂಡು ಹೋಗಿ ಒಳಗಿಟ್ಟಳು. ಪಾಪ, ಅವನು ಹಸಿದೇ ವಾಪಸು ಹೋದ. ಅಪ್ಪ ಗದರಿದಾಗ ಅವಳು ಸೊಂಟದ ಮೇಲೆ ಕೈಯಿಟ್ಟು, "ಪಪ್ಪಾ, ನೈನ್ ಹೈಸ್ಟ್ ನೈನ್" ಎಂದಿದ್ದಳು. ಬೇಡ ಎಂದರೆ ಬೇಡ ಎಂದೇ ಅರ್ಥ. ಹೆಣ್ಣುಮಗಳು ಕಲಿಯಲೇಬೇಕಾದ ಪಾಠ ಅದು, ಅವಳು ಕಲಿತದ್ದು ಸರಿಯೇ. ಆದರೆ ಹಸಿವಿಗೂ ಅದೇ ಕಾನೂನು ಹಾಕಿದರೆ ಹೇಗೆ ಎಂಬುದು ಯಾದವಣ್ಣನ ದೂರು.

ಊಟಕ್ಕೆ ಕೂತ ಯಾದವಣ್ಣ ಬೆಳಗಿನ ಕತೆಯನ್ನು ಉಪ್ಪುಖಾರ ಹಚ್ಚಿ ಹೇಳಿದರು. ಡಾಕ್ಟರಮ್ಮ ತಮ್ಮನ್ನು ಕೇಳಿದ್ದನ್ನು ಎರಡು ಸಲ ಹೇಳಿದರು. ಗುಲಾಬಿ ಗಂಜಿ ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತಳು.

"ನೋವು ಉಂಟಾ ಅಂತ ನೀವು ಎಷ್ಟು ಸಲ ಕೇಳಿದ್ರಿ?"

"ಡಾಕ್ಟ್ರು ಕೇಳಿದ್ದು ಒಂದು ಸಲ. ನಾನೂ ಒಂದು ಸಲ. ಅವರು ಕೊಟ್ಟ ಟೈಮೇ ಹತ್ತು ನಿಮಿಷದ್ದು."

"ಒಂದು ಸಲ ಕೇಳಿ ಬಿಟ್ಟು ಬಂದ್ರಾ?"

"ಇಲ್ಲ ಹೇಳಿದ ಅಲ್ವಾ ಮಾರಾಯ್ತಿ."

ಗುಲಾಬಿ ಸೌಟನ್ನು ಪಾತ್ರೆಗೆ ಹಾಕಿದಳು. "ನೀವು ಸಹ ಜರ್ಮನ್ ಆದ್ರಿ" ಎಂದಳು, ಅಷ್ಟೇ.

ಯಾದವಣ್ಣನ ಕೈ ತಟ್ಟೆಯಲ್ಲೇ ನಿಂತಿತು. ತನ್ನ ಬೆನ್ನು ತನಗೆ ಕಾಣುವುದಿಲ್ಲ ಎನ್ನುತ್ತಾರಲ್ಲ, ಮೂವತ್ತು ವರ್ಷದ ಸಂಸಾರವಾದರೆ ಅದು ಹೆಂಡತಿಗೆ ಚೆನ್ನಾಗಿಯೇ ಕಾಣುತ್ತದೆ. ವ್ಯಾನಿನಲ್ಲಿ ನೆಟ್ಟಗೆ ಕೂತಿದ್ದ ಆ ಮನುಷ್ಯ ಕಣ್ಣಮುಂದೆ ಬಂದ. ರಸ್ತೆಯ ಪ್ರತಿ ಕುಲುಕಿಗೂ ಅವನ ನಗು ಸ್ವಲ್ಪ ದೊಡ್ಡದಾಗುತ್ತಿತ್ತು. ಅಡುಗೆಯವನು ಅವನು, ಆದರೆ ದಾರಿಯುದ್ದಕ್ಕೂ ಅಡುಗೆಯ ಸುದ್ದಿಯನ್ನೇ ಎತ್ತಿರಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಕಾಲು ಬಾತುಕೊಂಡು ನೋವಿಲ್ಲ ಎಂದಿದ್ದ ಹುಡುಗನೂ ಹಾಗೆಯೇ ನಕ್ಕಿದ್ದ. ಆ ಹುಡುಗನನ್ನು ಬೇರೆ ಯಾರು ಮರೆತರೂ ಯಾದವಣ್ಣ ಮರೆಯಬಾರದಿತ್ತು. ಹೊಟ್ಟೆಯೊಳಗೆ ಏನಾದರೂ ಕೆಟ್ಟದ್ದು ಬೆಳೆಯುತ್ತಿದ್ದರೆ, ಅದು ನಡುಸಮುದ್ರದಲ್ಲಿ ಒಡೆದರೆ, ಅಲ್ಲಿ ಡಾಕ್ಟರೂ ಇಲ್ಲ, ಧಕ್ಕೆಯೂ ಇಲ್ಲ. ಇಲ್ಲ ಅಂದರೆ ಇಲ್ಲವೇ ಎಂದು ಎದೆಯುಬ್ಬಿಸಿ ಹೇಳಿದ ತಮ್ಮದೇ ಮಾತು ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು.

"ಗಂಜಿ ಡಬ್ಬಿಗೆ ಹಾಕು" ಎಂದರು. "ಸ್ವಲ್ಪ ಚಟ್ನಿ ಸಹ. ಖಾರ ಬೇಡ."

ಸಿಂಚನಾ ಜರ್ಮನ್ನಿನಲ್ಲೇ ಕೇಳಿದಳು: "ಆದ್ರೆ ಪಪ್ಪಾ, ಅವನೇ ಬೇಡ ಅಂದಿದ್ದಾನಲ್ಲ?"

"ಅವ ಬೇಡ ಹೇಳಿದ್ದು ನನ್ನ ಪ್ರಶ್ನೆಗೆ. ಅವನ ಹತ್ರ ನಾನಿನ್ನೂ ಮಾತಾಡಲೇ ಇಲ್ಲ."

ಅಪ್ಪ ಅರ್ಧ ಊಟಕ್ಕೇ ಎದ್ದು ಜಾಕೆಟ್ಟು ಹಾಕಿಕೊಳ್ಳುವುದನ್ನು ಕಂಡು ಅವಳು ಕಾರಿನ ಕೀಲಿ ಎತ್ತಿಕೊಂಡಳು.

ಟರ್ಮಿನಲ್ಲಿನ ಗೇಟಿನಲ್ಲಿ ಅವಳಿಗೆ ಒಳಗೆ ಹೋಗಲು ಅನುಮತಿ ಇರಲಿಲ್ಲ. ಅವಳು ಕಾರಿನಲ್ಲೇ ಉಳಿದಳು. ಯಾದವಣ್ಣ ಪಾಸು ತೋರಿಸಿ, ಸ್ಟೀಲಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ಕುಂಟುಕಾಲಿನಲ್ಲಿ ಹಡಗಿನ ಏಣಿ ಹತ್ತಿದರು. ಕೊನೆಯ ಕಂಟೇನರುಗಳು ಏರುತ್ತಿದ್ದವು. ಇನ್ನು ಕೆಲವೇ ಗಂಟೆಗಳಲ್ಲಿ ಹಗ್ಗ ಬಿಚ್ಚುವ ಹೊತ್ತು.

ಸುಪ್ರಿಯಾದಿ ಅಡುಗೆಕೋಣೆಯಲ್ಲಿ ಒಂದು ಬಕೆಟ್ಟಿನ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದ. ಯಾದವಣ್ಣನನ್ನು ಕಂಡು ಎದ್ದು ನಿಲ್ಲಲು ಹೋಗಿ, ಅರ್ಧಕ್ಕೇ ನಿಂತು, ಮತ್ತೆ ಕೂತ. ಮುಖದಲ್ಲಿ ಬೆಳಗಿನ ಅದೇ ನಗು. ಇನ್ನು ಅವರಿಬ್ಬರೂ ಆಡಿದ್ದು ಇಂಡೊನೇಷ್ಯಾದ ಮಾತು, ನಮ್ಮಲ್ಲಿ ಹೇಳಿದರೆ ಹೀಗೆ:

"ಊಟ ಆಯ್ತಾ?"

"ಆಯ್ತು ಪಾಕ್."

ಯಾದವಣ್ಣ ಇನ್ನೊಂದು ಬಕೆಟ್ಟು ಬೋರಲು ಹಾಕಿ ಪಕ್ಕದಲ್ಲಿ ಕೂತರು. ಒಂದು ಚಾಕು ತೆಗೆದುಕೊಂಡು ತಾವೂ ಆಲೂಗಡ್ಡೆ ಸುಲಿಯತೊಡಗಿದರು. ಹೊಟ್ಟೆಯ ಸುದ್ದಿ ತೆಗೆಯಲಿಲ್ಲ. ಅವನ ಊರು ಯಾವುದು, ಗದ್ದೆ ಇದೆಯೇ, ತೆಂಗು ಎಷ್ಟು ಕಾಯಿ ಬಿಡುತ್ತದೆ ಎಂದು ಕೇಳಿದರು. ಮಲ್ಪೆಯಲ್ಲಿ ತಮ್ಮ ಅಮ್ಮ ಬಂಗುಡೆ ಸಾರಿಗೆ ಹುಣಸೆ ಎಷ್ಟು ಹಾಕುತ್ತಿದ್ದರು ಎಂದು ಹೇಳಿದರು. ಸುಪ್ರಿಯಾದಿ ತನ್ನ ತಾಯಿಯೂ ಹುಣಸೆ ಹಾಕುತ್ತಾಳೆ ಎಂದ. ಹೀಗೆ ಒಂದು ಬುಟ್ಟಿ ಆಲೂಗಡ್ಡೆ ಮುಗಿಯಿತು. ಹೊರಗೆ ಕ್ರೇನು ಗಡಗಡ ಎನ್ನುತ್ತಲೇ ಇತ್ತು. ಹಡಗು ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು, ಆದರೂ ಯಾದವಣ್ಣ ಬಾಯಿಗೆ ಅವಸರ ಕೊಡಲಿಲ್ಲ. ಅವರ ಇಡೀ ಆಯುಷ್ಯದ ಕಸುಬು ಅದೊಂದು ಗಳಿಗೆಯಲ್ಲಿತ್ತು ಎಂದರೆ ಹೆಚ್ಚಲ್ಲ.

"ಊಟ ಆಯ್ತಾ?" ಎಂದು ಎರಡನೆಯ ಸಲ ಕೇಳಿದರು.

"ಆಗಲೇ ಆಯ್ತು ಪಾಕ್, ತುಂಬ ತಿಂದೆ."

ಯಾದವಣ್ಣ ಡಬ್ಬಿ ತೆರೆದರು. ಕುಚ್ಚಲಕ್ಕಿ ಗಂಜಿಯ ಹಬೆ ಎದ್ದಿತು. ತಟ್ಟೆಗೆ ಸುರಿದು, ಚಮಚ ಇಟ್ಟು, ಸುಮ್ಮನೆ ಅವನ ಕೈಗೆ ಕೊಟ್ಟರು.

ಸುಪ್ರಿಯಾದಿ ತಟ್ಟೆ ಹಿಡಿದುಕೊಂಡ. ಮರ್ಯಾದೆಗೆ ಒಂದು ಚಮಚ ಎತ್ತಿದ. ಬಾಯಿಯ ಹತ್ತಿರ ತಂದ, ಅದು ಒಳಗೆ ಹೋಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ನಗು ಮುಖದಿಂದ ಇಳಿದುಹೋಯಿತು. ಇಪ್ಪತ್ತು ವರ್ಷದಿಂದ ಹಡಗು ತುಂಬ ಜನರಿಗೆ ಅನ್ನ ಹಾಕಿದ ಮನುಷ್ಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಒರೆಸಿಕೊಂಡ.

"ಬೆಲುಮ್" ಎಂದ. ಇನ್ನೂ ಇಲ್ಲ. "ಮೊನ್ನೆಯಿಂದ ಏನೂ ಇಳೀತಿಲ್ಲ ಪಾಕ್. ನೀರು ಕುಡಿದರೂ ಹೊರಗೆ ಬರ್ತದೆ. ಇಲ್ಲಿ, ಬಲಗಡೆ, ಚಾಕು ಹಾಕಿದ ಹಾಗೆ."

"ಬನ್ನಿ, ಈಗ ಬಿಚಾರ ಮಾಡುವ" ಎಂದರು ಯಾದವಣ್ಣ.

ಆಗ ಅವನು ಮಾತಾಡಿದ. ಒಮ್ಮೆಯೂ ಹಡಗನ್ನು ನಡುವೆ ಬಿಟ್ಟು ಇಳಿದವನಲ್ಲ ಅವನು, ಅದೇ ಅವನ ಹೆಮ್ಮೆ. ನಡುದಾರಿಯಲ್ಲಿ ಇಳಿದ ಅಡುಗೆಯವನನ್ನು ಏಜೆಂಟರು ಮತ್ತೆ ಕರೆಯುವುದಿಲ್ಲ ಎಂಬ ಹೆದರಿಕೆ ಬೇರೆ. ತಾನು ಇಳಿದರೆ ಇಷ್ಟು ಜನಕ್ಕೆ ಬೇಯಿಸುವವರು ಯಾರು? ಎಲ್ಲಕ್ಕಿಂತ ಹೆಚ್ಚಾಗಿ ನಾಚಿಕೆ. ತನ್ನಿಂದ ಹಡಗು ನಿಂತಿತು ಎಂದಾಗಬಾರದು. ಯಾದವಣ್ಣ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಆಮೇಲೆ ಪ್ಯಾಂಟಿನ ಕಾಲು ಮೇಲೆತ್ತಿ, ಮೊಣಕಾಲಿನ ಹಳೆಯ ಹೊಲಿಗೆಯ ಗುರುತು ತೋರಿಸಿದರು. ಪಾಕ್ ದಾರ್ಮೊನ ಕತೆ ಹೇಳಿದರು.

"ಹಾಗಾದ್ರೆ ಕ್ಯಾಪ್ಟನ್‌ಗೆ ನೀವೇ ಹೇಳಿಬಿಡಿ ಪಾಕ್" ಎಂದ ಸುಪ್ರಿಯಾದಿ.

ಹೇಳಿಬಿಡಬಹುದಿತ್ತು. ಹೇಳುವುದೆಂದರೆ ಯಾದವಣ್ಣನಿಗೆ ಎಂದೂ ಆಸೆಯೇ. ಕ್ಯಾಪ್ಟನ್ ಕೋಣೆಯಲ್ಲಿ ಎದೆಯುಬ್ಬಿಸಿ ನಿಂತು ಜರ್ಮನ್, ಇಂಗ್ಲಿಷ್ ಎರಡರಲ್ಲೂ ಮಾತಾಡುವ ಅವಕಾಶವನ್ನು ಅವರು ಬಿಟ್ಟದ್ದು ಆ ಒಂದು ಸಲವೇ ಇರಬೇಕು. "ನೀವೇ ಹೇಳಬೇಕು. ನಿಮ್ಮ ಹೊಟ್ಟೆ, ನಿಮ್ಮ ಮಾತು. ನಾನು ಪಕ್ಕದಲ್ಲಿ ಇರ್ತೇನೆ" ಎಂದರು.

ಕ್ಯಾಪ್ಟನ್ ಪೋಲೆಂಡಿನವನು, ದಪ್ಪ ಮೀಸೆಯ ಗಂಭೀರ ಮನುಷ್ಯ. ಸುಪ್ರಿಯಾದಿ ಅವನ ಮೇಜಿನ ಅಂಚು ಹಿಡಿದು ನಿಂತು, ಮುರುಕು ಇಂಗ್ಲಿಷಿನಲ್ಲಿ, ತನಗೆ ನೋವಿದೆ, ಮೊನ್ನೆಯಿಂದ ಇದೆ, ಇಳಿಯಬೇಕು ಎಂದ. ಎರಡು ಸಲ ಪದ ಸಿಗದೆ ನಿಂತ. ನಿಂತಾಗಲೆಲ್ಲ ಯಾದವಣ್ಣ ಅವನ ಬೆನ್ನಿನ ಮೇಲೆ ಕೈಯಿಟ್ಟರು, ಬಾಯಿ ಮಾತ್ರ ತೆರೆಯಲಿಲ್ಲ. ಕ್ಯಾಪ್ಟನ್ ಬೈಯಲಿಲ್ಲ. "ಬೆಳಿಗ್ಗೆಯೇ ಹೇಳಬಾರದಿತ್ತೇನಯ್ಯ" ಎಂದು ಫೋನು ಎತ್ತಿದ. ಆಮೇಲೆ ಅಡುಗೆಯವನ ಭುಜ ತಟ್ಟಿ, ವಾಸಿಯಾದ ಮೇಲೆ ತನ್ನ ಹಡಗಿಗೇ ಬರಬೇಕು, ಅದನ್ನು ಏಜೆಂಟನಿಗೆ ತಾನೇ ಹೇಳುತ್ತೇನೆ ಎಂದ.

ಗೇಟಿನ ಹೊರಗೆ ಕಾಯುತ್ತಿದ್ದ ಸಿಂಚನಾ ಆಂಬುಲೆನ್ಸ್ ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ನೋಡಿದಳು. ಅದರ ಹಿಂದೆ ಅಪ್ಪ ಖಾಲಿಯಾಗದ ಡಬ್ಬಿ ಹಿಡಿದುಕೊಂಡು ಕುಂಟುತ್ತ ಬರುತ್ತಿದ್ದರು. ಕಾರು ಹತ್ತಿದ ಮೇಲೆ ನಡೆದದ್ದನ್ನೆಲ್ಲ ಅವಳಿಗೆ ಹೇಳಿದರು. ಈ ಸಲ ಉಪ್ಪುಖಾರ ಹಚ್ಚಲಿಲ್ಲ. ಅವಳು ಗಾಡಿ ಸ್ಟಾರ್ಟ್ ಮಾಡುವುದನ್ನೂ ಮರೆತು ಕೇಳುತ್ತಿದ್ದಳು.

ಅಪೆಂಡಿಕ್ಸ್ ಒಡೆಯುವ ಹಂತಕ್ಕೆ ಬಂದಿತ್ತಂತೆ. ಆ ಸಂಜೆಯೇ ಆಪರೇಷನ್ ಆಯಿತು. ಮರುದಿನ ಬಂದರಿನ ಡಾಕ್ಟರಮ್ಮ ತಾನೇ ಫೋನು ಮಾಡಿ ಸುದ್ದಿ ತಿಳಿಸಿ, ಇನ್ನು ಮುಂದೆ ಇಂಥವರು ಬಂದಾಗ ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳೋಣ, ನೀವು ನಿಮ್ಮ ಕ್ರಮದಲ್ಲೇ ಕೇಳಿ ಎಂದಳು. ಯಾದವಣ್ಣ ಫೋನಿನಲ್ಲೇ, ಬೆಳಿಗ್ಗೆ ಕೇಳಿದ್ದು ತಮ್ಮ ಕ್ರಮದಲ್ಲಿ ಇರಲಿಲ್ಲ, ತಪ್ಪಾಯಿತು ಎಂದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಜರ್ಮನ್ನಿನಲ್ಲಿ ಹೇಳಲು ಹೋಗಿ ಅರ್ಧಕ್ಕೆ ಸಿಕ್ಕಿಹಾಕಿಕೊಂಡರು. ಡಾಕ್ಟರಮ್ಮ ತಾಳ್ಮೆಯಿಂದ ಕೇಳಿಸಿಕೊಂಡಳು.

ಊರಿಗೆ ವಿಮಾನ ಹತ್ತುವ ಮೊದಲು ಸುಪ್ರಿಯಾದಿ ಒಂದು ಭಾನುವಾರ ಯಾದವಣ್ಣನ ಮನೆಗೆ ಬಂದ. ಮುಖ ಇಳಿದಿತ್ತು, ಅಂಗಿ ಸಡಿಲವಾಗಿತ್ತು, ಆದರೆ ಈಗಿನ ನಗು ಬೇರೆಯದು. ಗುಲಾಬಿ ಒಳಗೆ ನೀರ್ದೋಸೆ ಹುಯ್ಯುತ್ತಿದ್ದಳು. ತೆಂಗಿನಕಾಯಿ ಹಾಕದ ಬೋಳುಹುಳಿಯ ಪರಿಮಳ ಮೆಟ್ಟಿಲವರೆಗೆ ಹರಡಿತ್ತು. ಯಾದವಣ್ಣ ಅತಿಥಿಯನ್ನು ಕೂರಿಸಿ, ಕೇಳಲು ಬಾಯಿ ತೆರೆಯುವಷ್ಟರಲ್ಲಿ, ಸಿಂಚನಾ ತಟ್ಟೆ ಹಿಡಿದುಕೊಂಡು ಒಳಗಿನಿಂದ ಬಂದಳು.

"ಸುದಾ ಮಾಕಾನ್, ಪಾಕ್?" ಎಂದು ಕೇಳಿದಳು. ಉಚ್ಚಾರ ಜರ್ಮನ್ನರದ್ದೇ, ಪದ ಮಾತ್ರ ಸರಿ.

"ಸುದಾ, ಸುದಾ" ಎಂದು ಸುಪ್ರಿಯಾದಿ ಕೈಯಾಡಿಸಿದ.

ಯಾದವಣ್ಣ ಮಗಳ ಕೈಯ ತಟ್ಟೆಯನ್ನೇ ನೋಡಿದರು. ಹಿಂದೆ ಇದೇ ಜಾಗದಲ್ಲಿ ಈ ಹುಡುಗಿ ತಟ್ಟೆ ಎತ್ತಿಕೊಂಡು ಹೋಗಿದ್ದಳು. ಈಗ ಅವಳು ಹೋಗಲಿಲ್ಲ. ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಹೊಟ್ಟೆಯ ಹೊಲಿಗೆ ಹೇಗಿದೆ, ವಿಮಾನ ಎಷ್ಟು ಹೊತ್ತಿಗೆ, ತಾಯಿಗೆ ಸುದ್ದಿ ಗೊತ್ತೇ ಎಂದು ಕೈಸನ್ನೆ, ಇಂಗ್ಲಿಷು ಎಲ್ಲ ಸೇರಿಸಿ ಕೇಳಿದಳು. ಮತ್ತೆ, "ಸುದಾ ಮಾಕಾನ್?" ಎಂದಳು. ಅವನು ಮತ್ತೆ ಆಯಿತು ಎಂದ. ಮೂರನೆಯ ಸಲ ಅವಳು ಏನೂ ಕೇಳಲಿಲ್ಲ. ತಟ್ಟೆಯನ್ನು ಅವನ ಮುಂದಿಟ್ಟು, ಎರಡು ದೋಸೆ ಹಾಕಿ, ತನಗೂ ಒಂದು ತಟ್ಟೆ ಎಳೆದುಕೊಂಡು, "ನಂದು ಬೆಲುಮ್. ಬನ್ನಿ, ಒಟ್ಟಿಗೆ ಉಣ್ಣುವ" ಎಂದಳು. ಅದು ಕನ್ನಡ. ಯಾರೂ ಹೇಳಿಕೊಡದೆ ಬಂದ ಕನ್ನಡ. ಸುಪ್ರಿಯಾದಿಗೆ ಅದರಲ್ಲಿ ಒಂದೇ ಪದ ತಿಳಿದರೂ ನಕ್ಕು ದೋಸೆಗೆ ಕೈ ಹಾಕಿದ.

ಯಾದವಣ್ಣ ಎದ್ದು ಅಡುಗೆಮನೆಗೆ ಹೋದರು. ಒಲೆಯ ಮುಂದೆ ನಿಂತಿದ್ದ ಗುಲಾಬಿಗೆ ಮಗಳ ಮಾತು ಹೇಳಬೇಕೆಂದು ಬಾಯಿ ತೆರೆದರು.

"ಕೇಳಿತು ನನಗೆ" ಎಂದಳು ಗುಲಾಬಿ, ಕಾವಲಿಯಿಂದ ಕಣ್ಣು ತೆಗೆಯದೆ. "ಮೂರು ಸಲವೂ ಕೇಳಿತು. ಈಗ ನೀವು ಸಹ ಕೂತ್ಕೊಳ್ಳಿ. ನಿಮ್ಮದು ಊಟ?"

"ನಂದು ಆಯ್ತು" ಎಂದರು ಯಾದವಣ್ಣ.

ಬೆಳಗಿನಿಂದ ಅವರ ಹೊಟ್ಟೆಗೆ ಒಂದು ಲೋಟ ಚಹಾ ಬಿಟ್ಟರೆ ಏನೂ ಬಿದ್ದಿರಲಿಲ್ಲ. ಆದರೂ ಆ ಮಾತು ಮರ್ಯಾದೆಗೆ ಆಡಿದ್ದಲ್ಲ, ನಿಜವಾಗಿಯೂ ಅವರಿಗೆ ಹೊಟ್ಟೆ ತುಂಬಿತ್ತು.